ಮೀನುತೊಟ್ಟಿಯಲ್ಲಿ ಗೆಡ್ಡೆ ಗಿಡ

ಅಕ್ವೇರಿಯಂ ಅಂಗಡಿಗಳಲ್ಲಿ ಪುಟ್ಟ ಕೆಸುವಿನ ಗೆಡ್ಡೆಯಂಥ ಒಣಗಡ್ಡೆಗಳನ್ನು ಚೀಲದಲ್ಲಿಟ್ಟು ಮಾರುವುದನ್ನು ನೀವು ನೋಡಿರಬಹುದು. ಬಾಲ್ಕನಿಯೂ ಇಲ್ಲದ ಫ್ಲ್ಯಾಟಿನವರಿಗೆ ಇದೊಂದು ಒಳ್ಳೆಯ ತೋಟ. ಆದರೆ ಎಲೆ ಉದುರಿದ ಕೂಡಲೇ ಗಿಡ ಸತ್ತಿತೆಂದು ಎಷ್ಟೋ ಮಂದಿ ಜೀವವಿರುವ ಗೆಡ್ಡೆಯನ್ನೇ ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ.

ಅಂಗಡಿಯವರು ಎಲ್ಲವನ್ನೂ ಬಲ್ಬ್ ಎನ್ನುತ್ತಾರೆ. ಈರುಳ್ಳಿಯಂತೆ ಪದರ ಪದರವಾಗಿರುವ ನಿಜವಾದ ಬಲ್ಬ್ ಎಂದರೆ ಕ್ರೈನಮ್. ಅಪೊನೊಜೆಟಾನ್ ಮತ್ತು 'ಟೈಗರ್ ಲೋಟಸ್' ಎಂಬ ನೈದಿಲೆ ಬೆಳೆಯುವುದು ಗೆಡ್ಡೆಯಿಂದ.

ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಿರಬೇಕು, ಮೆತ್ತಗಾಗಿ ವಾಸನೆ ಬಂದರೆ ಬೇಡ. ನೀರಿಗೆ ಹಾಕಿದಾಗ ಮೊದಲು ತೇಲಿದರೆ ಗಾಬರಿಯಾಗಬೇಡಿ, ನೆನೆದ ಮೇಲೆ ತಾನೇ ಮುಳುಗುತ್ತದೆ. ಆಮೇಲೆ ಮರಳಿನಲ್ಲಿ ಅರ್ಧ ಮಾತ್ರ ಒತ್ತಿಡಿ. ಪೂರ್ತಿ ಹೂತರೆ ಕೊಳೆಯುವುದೇ ಹೆಚ್ಚು, ಜೊತೆಗೆ ಮೀನಿನ ನೀರೂ ಕೆಡುತ್ತದೆ. ದಿನಕ್ಕೆ 8ರಿಂದ 10 ಗಂಟೆ ದೀಪ ಸಾಕು. ಗೋಲ್ಡ್‌ಫಿಶ್ ಇರುವ ತೊಟ್ಟಿಗೆ ಮಾತ್ರ ಈ ಗಿಡ ಬೇಡ, ಎಳೆ ಎಲೆಯನ್ನು ಅದು ಸೊಪ್ಪಿನಂತೆ ಮೇಯುತ್ತದೆ! ಟೈಗರ್ ಲೋಟಸ್‌ನ ಎಲೆ ಮೇಲೆ ಬಂದು ತೇಲತೊಡಗಿದರೆ ಚಿವುಟಿಬಿಡಿ. ನೀರೊಳಗಿನ ಕೆಂಪು ಎಲೆಗಳು ಆಗ ಒತ್ತಾಗಿ ಬರುತ್ತವೆ.

ಇನ್ನು ಎಲೆ ಉದುರುವ ವಿಷಯ. ಪುಣೆ, ಮುಂಬಯಿಯವರು ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋಗಿರಬಹುದು. ಅಲ್ಲಿ ಬೆಳೆಯುವ ಒಂದು ಅಪೊನೊಜೆಟಾನ್‌ಗೆ ಸಾತಾರಾದ ಹೆಸರೇ ಇದೆ. ಮಳೆಗಾಲದಲ್ಲಿ ಚಿಗುರಿ ಹೂಬಿಟ್ಟು, ನೀರು ಬತ್ತಿದ ಮೇಲೆ ಮುಂದಿನ ಮಳೆಯವರೆಗೆ ಗೆಡ್ಡೆಯಾಗಿ ನೆಲದೊಳಗೆ ಮಲಗಿರುತ್ತದೆ. (2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಅದು, ಅಲ್ಲಿಂದ ಗಿಡ ಕೀಳಬೇಡಿ.) ನಿಮ್ಮ ತೊಟ್ಟಿಯ ಅಪೊನೊಜೆಟಾನ್‌ಗಳಲ್ಲೂ ಹಲವಕ್ಕೆ ಇದೇ ಅಭ್ಯಾಸ. ಕೆಲವು ತಿಂಗಳು ಸೊಂಪಾಗಿ ಬೆಳೆದು, ಹೊಸ ಎಲೆ ಚಿಕ್ಕದಾಗುತ್ತಾ ಬಂದು, ಕೊನೆಗೆ ಗೆಡ್ಡೆಯಷ್ಟೇ ಉಳಿಯುತ್ತದೆ. ಒತ್ತಿ ನೋಡಿ. ಗಟ್ಟಿಯಿದ್ದರೆ ಅದು ನಿದ್ದೆ, ಸಾವಲ್ಲ. ಕೊಳೆತ ಎಲೆ ತೆಗೆದು ಗೊಬ್ಬರ ಹಾಕದೆ ಹಾಗೇ ಬಿಡಿ. ಎರಡು ಮೂರು ತಿಂಗಳಲ್ಲಿ ಮತ್ತೆ ಮೊಳಕೆ ಕಾಣಿಸಬಹುದು. ಅಂಗಡಿಯಲ್ಲಿ ಸಿಗುವ ಕೆಲವು ಮಿಶ್ರತಳಿಗಳಿಗೆ ಈ ವಿಶ್ರಾಂತಿಯೇ ಬೇಡ.

ಇಷ್ಟು ಕಾಯುವ ತಾಳ್ಮೆ ಇಲ್ಲದವರು ಥಾಯ್ಲೆಂಡಿನ ಕ್ರೈನಮ್ ತನ್ನಿ. ಅದು ಮಲಗುವುದಿಲ್ಲ, ಬೋರ್‌ವೆಲ್ಲಿನ ಗಡಸು ನೀರಿಗೂ ಒಗ್ಗುತ್ತದೆ. ಎಲೆ ಮಾತ್ರ ಒಂದು ಮೀಟರಿಗೂ ಮೀರಿ ಬೆಳೆದು ತೊಟ್ಟಿಗೆಲ್ಲ ನೆರಳು ಮಾಡುತ್ತದೆ, ಆಗಾಗ ಕತ್ತರಿ ಹಾಕುತ್ತಿರಬೇಕು.