ಓಲಾಡುವ ಸಿಲಿಂಡರ್

ವಾಲ್ವೇ ಇಲ್ಲದ ಉಗಿ ಎಂಜಿನ್ ಒಂದಿದೆ. ಅದರ ಸಿಲಿಂಡರೇ ಎಡಕ್ಕೂ ಬಲಕ್ಕೂ ಓಲಾಡುತ್ತ, ಒಮ್ಮೆ ಉಗಿ ಬರುವ ತೂತಿಗೆ, ಇನ್ನೊಮ್ಮೆ ಉಗಿ ಹೊರಹೋಗುವ ತೂತಿಗೆ ಬಾಯಿ ಕೊಡುತ್ತದೆ. ಹಿತ್ತಾಳೆಯ ಸಿಲಿಂಡರ್, ಅದರೊಳಗೊಂದು ಪಿಸ್ಟನ್, ಉಕ್ಕಿನ ಕ್ರ್ಯಾಂಕ್, ಒಂದು ಫ್ಲೈವೀಲ್, ಒಂದು ಸ್ಪ್ರಿಂಗ್, ಇವನ್ನು ಹೊರುವ ಫ್ರೇಮ್, ಇಷ್ಟೇ ಸಾಮಗ್ರಿ. ಇಡೀ ಎಂಜಿನ್ ಅಂಗೈ ಮೇಲೆ ಕೂರುತ್ತದೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯ ನಿವೃತ್ತ ಟರ್ನರ್ ಒಬ್ಬರು ಮನೆ ಹಿಂದಿನ ಶೀಟಿನ ಕೋಣೆಯಲ್ಲಿ, ಮೇಜಿನ ಮೇಲಿನ ಪುಟ್ಟ ಲೇತ್‌ನಲ್ಲಿ ಇಂಥವನ್ನು ಮಾಡುತ್ತಾರೆಂದು ಕೇಳಿ, ಆ ಓಲಾಟವನ್ನು ನೋಡಲೆಂದೇ ಹೋದೆ.

ಅವರು ಕೆಲಸ ಕಲಿತದ್ದು ಹರಿಹರದಲ್ಲಿ. ಈಗಿನ ಹುಡುಗರಿಗೆ ಹರಿಹರ ಎಂದರೆ ದಾವಣಗೆರೆ ಜಿಲ್ಲೆ. 1997ರವರೆಗೆ ಅದೂ ಚಿತ್ರದುರ್ಗ ಜಿಲ್ಲೆಯದೇ ಆಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಆ ಮನೆತನದವರೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭಿಸಿದರು. ಯುದ್ಧದ ಕಾಲ; ಯಂತ್ರ ಮಾಡುವ ಯಂತ್ರಗಳಿಗೆ ಎಲ್ಲಿಲ್ಲದ ಬೇಡಿಕೆ. ಕಾರ್ಖಾನೆ ಎದ್ದ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರಾಯಿತು. ಅಲ್ಲಿ ತಯಾರಾದ 'ಎಂಟರ್‌ಪ್ರೈಸ್' ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು. ಹೊಸ ಶತಮಾನದ ಶುರುವಿನ ವರ್ಷಗಳಲ್ಲಿ ಕಾರ್ಖಾನೆ ನಿಂತುಹೋಯಿತು. ಯಂತ್ರಗಳು ಹರಾಜಾಗಬಹುದು, ಕೈಗೆ ಹತ್ತಿದ ಕೆಲಸ ಹರಾಜಾಗುವುದಿಲ್ಲ. ಆ ಕೈಗಳು ಊರೂರಿಗೆ ಹಂಚಿಹೋದವು. ಹಿರಿಯೂರಿನಲ್ಲಿ ಹೆದ್ದಾರಿಯ ಲಾರಿ ಕೆಲಸಕ್ಕೆ, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತೆಂಗು ಅಡಿಕೆ ತೋಟದವರ ಪಂಪು, ಟ್ರ್ಯಾಕ್ಟರ್ ರಿಪೇರಿಗೆ ಲೇತ್ ನಡೆಸುವವರಲ್ಲಿ ಹರಿಹರದ ಪಾಠ ಇನ್ನೂ ಉಳಿದಿದೆ.

ಮನೆಯಲ್ಲಿ ಲೇತ್ ಇಟ್ಟುಕೊಂಡು ಉಗಿ ಎಂಜಿನ್ ಮಾಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಬೆಳೆದದ್ದು. ಅದಕ್ಕಾಗಿಯೇ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ 1898ರಲ್ಲಿ ಶುರುವಾಯಿತು. ಅಲ್ಲಿಯವರು ಸ್ಟುವರ್ಟ್ ಕಂಪನಿಯ ಎರಕದ ಬಿಡಿಭಾಗಗಳನ್ನು ಡಬ್ಬಿಯಲ್ಲಿ ತರಿಸಿಕೊಂಡು, ಮೈಫೋರ್ಡ್ ಲೇತ್‌ನಲ್ಲಿ ಕೊರೆದು ಜೋಡಿಸುತ್ತಾರೆ. ನಮ್ಮಲ್ಲಿ ಅಂಥ ಡಬ್ಬಿ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಹಿತ್ತಾಳೆ ಸರಳು ಬೇಕೆಂದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆ, ಇಲ್ಲವೇ ಊರಿನ ಗುಜರಿ. ಬೋರ್‌ವೆಲ್‌ಗಳ ಜಿಲ್ಲೆಯಲ್ಲಿ ಗುಜರಿಗೆ ಬರುವ ಮಾಲೂ ಬೇರೆ: ಕೆಟ್ಟ ಸಬ್‌ಮರ್ಸಿಬಲ್ ಪಂಪಿನ ಗನ್‌ಮೆಟಲ್ ಬುಷ್. ಉಗಿಗೂ ಬಿಸಿನೀರಿಗೂ ಜಗ್ಗದ ಲೋಹ ಅದು. ಈ ಹಿರಿಯರ ಎಂಜಿನ್‌ಗಳ ಬೇರಿಂಗೆಲ್ಲ ಅದರಿಂದಲೇ ಆದದ್ದು.

ಲೇತ್ ಚಿಕ್ಕದು. ಅದರಲ್ಲಿ ತಿರುಗಬಲ್ಲ ಕೆಲಸದ ಅಗಲ ಹೆಚ್ಚೆಂದರೆ 7 ಇಂಚು. ದೊಡ್ಡ ಯಂತ್ರ ಒಂದೇ ಸಲಕ್ಕೆ ಸುಲಿದುಹಾಕುವುದನ್ನು ಇದರಲ್ಲಿ ನಾಲ್ಕೈದು ಸಲ ತೆಳ್ಳಗೆ ತೆಗೆಯಬೇಕು. ಒತ್ತಿದರೆ ಟೂಲ್ ಗಡಗಡ ನಡುಗಿ ಮೈಮೇಲೆ ಗೆರೆ ಬೀಳುತ್ತದೆ. ಹ್ಯಾಂಡಲ್‌ನ ಪ್ಲೇ ಎಷ್ಟೆಂದು ಕೈಗೆ ಗೊತ್ತಿರಬೇಕು. ಸಿಲಿಂಡರಿಗೆ 9.8 ಮಿ.ಮೀ. ಡ್ರಿಲ್ ಹಾಕಿ, ಆಮೇಲೆ 10 ಮಿ.ಮೀ. ರೀಮರ್ ಎಣ್ಣೆಯೊಂದಿಗೆ ನಿಧಾನಕ್ಕೆ ಇಳಿಸುತ್ತಾರೆ. ಪಿಸ್ಟನ್‌ಗೆ ರಿಂಗ್ ಇಲ್ಲ. ಎಣ್ಣೆ ನಿಲ್ಲಲೆಂದು ಎರಡು ಸಣ್ಣ ಕಾಲುವೆ ಮಾತ್ರ. ಕೂಡಿಕೆ ಸರಿಯಾಯಿತೇ ಎಂದು ನೋಡಲು ಅವರು ಮೈಕ್ರೋಮೀಟರ್ ಹಿಡಿಯಲಿಲ್ಲ. ಸಿಲಿಂಡರಿನ ತೂತನ್ನು ಬೆರಳಿಂದ ಮುಚ್ಚಿ, ಪಿಸ್ಟನ್ನನ್ನು ಹೊರಗೆಳೆದು ಬಿಟ್ಟರು. ಅದು ತಾನಾಗಿ ಒಳಕ್ಕೆ ಸೇದಿಕೊಂಡಿತು. ಗಾಳಿ ನುಸುಳಲು ಜಾಗವಿದ್ದಿದ್ದರೆ ಎಳೆದಲ್ಲೇ ನಿಲ್ಲುತ್ತಿತ್ತು.

ಇನ್ನು ತೂತುಗಳ ಮಾತು. ಅವರ ಎಂಜಿನ್‌ನಲ್ಲಿ ಪಿಸ್ಟನ್ನಿನ ಓಟ 14 ಮಿ.ಮೀ. ಅಂದರೆ ಕ್ರ್ಯಾಂಕ್ ಪಿನ್ ಶಾಫ್ಟಿನ ನಡುವಿನಿಂದ 7 ಮಿ.ಮೀ. ಆಚೆ. ಸಿಲಿಂಡರ್ ತೂಗುವ ಕೀಲಿಗೂ ಕ್ರ್ಯಾಂಕ್ ಶಾಫ್ಟಿಗೂ 40 ಮಿ.ಮೀ. ದೂರ. ಕ್ರ್ಯಾಂಕ್ ಸುತ್ತಿದಾಗ ಸಿಲಿಂಡರ್ ಎರಡೂ ಕಡೆಗೆ ಸುಮಾರು 10 ಡಿಗ್ರಿ ವಾಲುತ್ತದೆ. ಕೀಲಿನಿಂದ 12 ಮಿ.ಮೀ. ಮೇಲಿರುವ ಸಿಲಿಂಡರಿನ ತೂತು ಅಷ್ಟು ವಾಲಿದಾಗ ಪಕ್ಕಕ್ಕೆ ಸರಿಯುವುದು ಬರೀ 2.1 ಮಿ.ಮೀ. ಫ್ರೇಮಿನಲ್ಲಿ ಉಗಿಯ ತೂತು ಒಂದು ಕಡೆ, ಹೊರಗಂಡಿ ಇನ್ನೊಂದು ಕಡೆ, ಸರಿಯಾಗಿ ಆ ಜಾಗದಲ್ಲೇ ಬೀಳಬೇಕು. ತೂತಿನ ಅಗಲ ಒಂದೂವರೆ ಮಿ.ಮೀ. ಸಿಲಿಂಡರ್ ನೆಟ್ಟಗೆ ನಿಂತ ಗಳಿಗೆಯಲ್ಲಿ ಎರಡೂ ಮುಚ್ಚಿರಬೇಕು, ಇಲ್ಲದಿದ್ದರೆ ಉಗಿ ಕೆಲಸ ಮಾಡದೆ ಹೊರಗೆ ಓಡುತ್ತದೆ. ನೆಟ್ಟಗೆ ನಿಂತಾಗ ನಡುವೆ ಉಳಿಯುವ ಗೋಡೆ ಎರಡು ಕಡೆಯೂ 0.6 ಮಿ.ಮೀ.

ಇದನ್ನು ಸ್ಕೇಲ್ ಇಟ್ಟು ಗುರುತು ಹಾಕಿ ಕೊರೆಯಲು ಹೋದವರ ಎಂಜಿನ್ ಓಡುವುದು ಅದೃಷ್ಟವಿದ್ದರೆ. ಹಿರಿಯರ ದಾರಿ ಬೇರೆ. ಉಕ್ಕಿನ ಒಂದು ಪಟ್ಟಿ ಮಾಡಿಕೊಂಡಿದ್ದಾರೆ. ಅದಕ್ಕೊಂದು ಕೀಲಿನ ತೂತು, ಅದರ ಮೇಲೆ 12 ಮಿ.ಮೀ. ಅಂತರದಲ್ಲಿ ಇನ್ನೊಂದು, ಕೆಳತುದಿಯಲ್ಲಿ ಉದ್ದನೆಯ ಸೀಳು. ಸಿಲಿಂಡರಿನ ಬದಲು ಪಟ್ಟಿಯನ್ನೇ ಫ್ರೇಮಿಗೆ ಸಿಕ್ಕಿಸಿ, ಸೀಳಿಗೆ ಕ್ರ್ಯಾಂಕ್ ಪಿನ್ ಕೂರಿಸಿ, ಫ್ಲೈವೀಲ್ ತಿರುಗಿಸುತ್ತಾರೆ. ಪಟ್ಟಿ ಇನ್ನು ವಾಲದು ಎಂಬಲ್ಲಿ ನಿಲ್ಲಿಸಿ, ಮೇಲಿನ ತೂತಿನ ಮೂಲಕವೇ ಡ್ರಿಲ್ ಇಳಿಸುತ್ತಾರೆ. ಆ ಕಡೆಗೂ ಹಾಗೆಯೇ. ಕ್ರ್ಯಾಂಕ್ ಕೂದಲೆಳೆ ಹೆಚ್ಚುಕಡಿಮೆಯಾಗಿದ್ದರೂ ತೂತುಗಳು ಅದಕ್ಕೆ ತಕ್ಕಂತೆಯೇ ಬೀಳುತ್ತವೆ. ಎಂಜಿನ್ ತನ್ನ ಅಳತೆಯನ್ನು ತಾನೇ ಹೇಳುತ್ತದೆ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ತಿರುಗಿಸಿ ನೋಡಿದೆ.

ಆಮೇಲೆ ಉಜ್ಜುವ ಕೆಲಸ. ಗಾಜಿನ ಹಲಗೆಯ ಮೇಲೆ ನಯವಾದ ಎಮರಿ ಶೀಟ್, ಮೇಲೆರಡು ಹನಿ ಎಣ್ಣೆ. ಸಿಲಿಂಡರಿನ ಮುಖಕ್ಕೆ ಪೆನ್ನಿನಿಂದ ಗೀಟು ಹಾಕಿ, 8 ಬರೆದಂತೆ ಉಜ್ಜುತ್ತ ಹೋಗುತ್ತಾರೆ. ಗೀಟೆಲ್ಲ ಒಂದೇ ಸಮ ಅಳಿಸಿದಾಗ ಮುಖ ಸಮತಟ್ಟಾಯಿತು ಎಂದು ಲೆಕ್ಕ. ಮೊದಲ ಓಟಕ್ಕೆ ಉಗಿ ಬೇಕಿಲ್ಲ, ಸೈಕಲ್ ಪಂಪಿನ ಗಾಳಿ ಸಾಕು. ಬೆರಳಿಂದ ಒಮ್ಮೆ ತಳ್ಳಿದರು, ಒಮ್ಮೆ ಕುಂಟಿತು, ಆಮೇಲೆ ಫ್ಲೈವೀಲಿನ ಕಡ್ಡಿಗಳು ಕಣ್ಣಿಗೆ ಕಾಣದಷ್ಟು ಜೋರಾಯಿತು.

ಬಾಯ್ಲರ್ ಬಗ್ಗೆ ಅವರದು ಕಟ್ಟುನಿಟ್ಟು. ತಾಮ್ರದ ಪೈಪು, ಬೆಳ್ಳಿ ಬೆರೆತ ಬೆಸುಗೆ, ಸೇಫ್ಟಿ ವಾಲ್ವ್. ಮೂರು ಬಾರ್ ಒತ್ತಡದಲ್ಲಿ ಉಗಿಯ ಬಿಸಿ 144 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೀರು ಇಳಿದು ತಾಮ್ರ ಬರಿದಾದರೆ ಇನ್ನೂ ಏರುತ್ತದೆ, ರೇಡಿಯೋ ರಿಪೇರಿಯ ಸೀಸದ ಬೆಸುಗೆ ಅದಕ್ಕೆ ತಾಳದು. ನಡೆಸುವ ಒತ್ತಡದ ಎರಡರಷ್ಟನ್ನು ಮೊದಲು ತಣ್ಣೀರು ತುಂಬಿ ಕೊಟ್ಟು ನೋಡದೆ ಬೆಂಕಿ ಹಚ್ಚುವುದಿಲ್ಲ. ನೀರಾದರೆ ಬಿರಿದರೂ ಬರೀ ಸೋರುತ್ತದೆ, ಗಾಳಿಯಾದರೆ ಸಿಡಿಯುತ್ತದೆ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಎಂಜಿನ್ ವಿಭಾಗ, 1979ರಿಂದ ಇರುವ ಮೈಸೂರಿನ ರೈಲು ಮ್ಯೂಸಿಯಂ, ಎರಡನ್ನೂ ಮಕ್ಕಳಿಗೆ ತೋರಿಸಲೇಬೇಕು. ಆದರೆ ಮೈಸೂರಿನ ಅಂಗಳದಲ್ಲಿ ನಿಂತ ಎಂಜಿನ್‌ಗಳು ತಣ್ಣಗಿವೆ; ಓಡುವುದನ್ನು ಕಾಣಬೇಕೆಂದರೆ ಮಾಡಿಯೇ ನೋಡಬೇಕು. ಐಟಿಐಗಳಲ್ಲಿ ಟರ್ನರ್ ಕಲಿಯುವ ಹುಡುಗರಿಗೆ ಸ್ಟೆಪ್ ಟರ್ನಿಂಗ್, ಟೇಪರ್, ನರ್ಲಿಂಗ್, ಥ್ರೆಡ್ ಎಂದು ಒಂದೊಂದಕ್ಕೆ ಒಂದೊಂದು ಜಾಬ್ ಕೊಡುತ್ತಾರೆ. ಅಂಕ ಬಿದ್ದ ಮೇಲೆ ಅವು ಗುಜರಿಗೆ. ಅದೇ ಕಬ್ಬಿಣ, ಅದೇ ಗಂಟೆಗಳಲ್ಲಿ ಪ್ರತಿ ಬ್ಯಾಚ್ ಒಂದೊಂದು ಓಲಾಡುವ ಎಂಜಿನ್ ಮಾಡಬಹುದು. ಫೇಸಿಂಗ್, ಬೋರಿಂಗ್, ಟ್ಯಾಪಿಂಗ್ ಎಲ್ಲವೂ ಅದರಲ್ಲಿವೆ. ಕೆಲಸ ಸರಿಯೋ ತಪ್ಪೋ ಎಂದು ಮೇಷ್ಟ್ರು ಹೇಳಬೇಕಾಗಿಲ್ಲ, ಓಡಿದರೆ ಸರಿ. ಇದನ್ನು ಕಲಿಸಲು ಬಲ್ಲವರು ಈ ಜಿಲ್ಲೆಯಲ್ಲೇ ಇದ್ದಾರೆ, ಮತ್ತು ಅವರಿಗೆಲ್ಲ ವಯಸ್ಸಾಗುತ್ತಿದೆ.

ಹಿರಿಯರ ಆಸೆ ಈಗ ಇನ್ನೊಂದು ಎಂಜಿನ್ ಮೇಲಿದೆ, ಅದು ರೈಲಿನದು. ಚಿಕ್ಕಜಾಜೂರು ಜಂಕ್ಷನ್‌ನಿಂದ ಚಿತ್ರದುರ್ಗಕ್ಕೆ ಕವಲು ರೈಲು ಬಂದದ್ದು 1920ರ ದಶಕದಲ್ಲಿ. ಅವರು ಹುಡುಗರಾಗಿದ್ದಾಗ ಮೀಟರ್‌ಗೇಜ್ ಹಳಿಯ ಮೇಲೆ ಕಂಡದ್ದು ವೈಪಿ ಎಂಬ ಉಗಿ ಎಂಜಿನ್. ಅದನ್ನು ಮೂರೂವರೆ ಇಂಚಿನ ಹಳಿಗೆ ಇಳಿಸಿ ಮಾಡಬೇಕೆಂದು ಲೆಕ್ಕ ಹಾಕಿಟ್ಟಿದ್ದಾರೆ. ಅಳತೆ ಸುಮಾರು ಹನ್ನೊಂದಕ್ಕೆ ಒಂದು. ನಿಜವಾದ ಚಾಲಕ ಚಕ್ರದ ವ್ಯಾಸ 1,372 ಮಿ.ಮೀ., ಮಾದರಿಯಲ್ಲಿ 122. ತಮ್ಮ 7 ಇಂಚಿನ ಲೇತ್‌ನಲ್ಲಿ ಅದು ಆರಾಮಾಗಿ ತಿರುಗುತ್ತದೆ ಎನ್ನುವಾಗ ಅವರ ಧ್ವನಿಯೇ ಬೇರೆಯಾಯಿತು. ಚಕ್ರಕ್ಕೆ ಮರದ ಪ್ಯಾಟರ್ನ್ ಕೂಡ ಸಿದ್ಧವಿದೆ, ಕಡ್ಡಿಗಳ ನಡುವಿನ ಇಳಿಜಾರನ್ನೂ ಬಿಡದೆ ಕೆತ್ತಿದ್ದಾರೆ. ಬೇಕಾಗಿರುವುದು ಬೀಡಿನ ಆರೇ ಆರು ಎರಕ. ಶಿವಮೊಗ್ಗದಲ್ಲಿ ಫೌಂಡ್ರಿಗಳು ಬೇಕಾದಷ್ಟಿವೆ. ಕೇಳಿದ ಕಡೆಯಲ್ಲೆಲ್ಲ ಇನ್ನೂರಕ್ಕೆ ಕಡಿಮೆಯಾದರೆ ಆಗದು ಎಂದಿದ್ದಾರಂತೆ. ಆರಕ್ಕೆ ಒಪ್ಪುವವರು ಯಾರಾದರೂ ಗೊತ್ತಿದ್ದರೆ ಹೇಳಿ ಎಂದು ಅವರು ನನ್ನನ್ನೂ ಕೇಳಿದರು.