ಕೈಮುಗಿದ ಚಿತ್ರ, ಕದ ತಟ್ಟುವ ಕೈ

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಗೊಂಡ ಮೇಲೆ ಆ ಭಾಗದಲ್ಲಿ ಬೆಳೆದ ಬಡಾವಣೆಗಳಲ್ಲಿ ನಮ್ಮ ವಿದ್ಯಾರಣ್ಯಪುರವೂ ಒಂದು. ಕಾರ್ಖಾನೆಯ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತವರು, ಭಾನುವಾರದ ಬಲಿಪೂಜೆಯಲ್ಲಿಯೂ ಅಕ್ಕಪಕ್ಕ ಮೊಣಕಾಲೂರಿದವರು, ಒಬ್ಬರ ಮಕ್ಕಳಿಗೆ ಮತ್ತೊಬ್ಬರು ಜ್ಞಾನತಂದೆಯಾದವರು ಇಲ್ಲಿ ಹಲವರಿದ್ದಾರೆ. ಇಂತಹ ಗೆಳೆತನಕ್ಕೆ ಈಗ ಒದಗಿರುವ ಕುತ್ತು ಜಗಳದಿಂದ ಬಂದುದಲ್ಲ. ಪ್ರತಿದಿನ ಬೆಳಿಗ್ಗೆ ತಪ್ಪದೆ ಬರುವ ಗುಲಾಬಿ ಹೂವಿನ ಚಿತ್ರದಿಂದ ಬಂದುದು. ಅದನ್ನು ಕಳುಹಿಸುವವರು ಮಕ್ಕಳಲ್ಲ, ಫೋನು ಕೆಳಗಿಡು ಎಂದು ಮಕ್ಕಳನ್ನು ಗದರಿಸುವ ಹಿರಿಯರಾದ ನಾವೇ!

ನಮ್ಮ ಅನುಭವವನ್ನೇ ಹೇಳಿಬಿಡುವುದು ಮೇಲು. ಮೂವತ್ತು ವರ್ಷಗಳ ಮಿತ್ರರೊಬ್ಬರಿಗೆ ವಾಟ್ಸಾಪ್‌ನಲ್ಲಿ ದಿನವೂ ಶುಭೋದಯ ಕಳುಹಿಸುತ್ತಿದ್ದೆವು, ಅವರೂ ಕಳುಹಿಸುತ್ತಿದ್ದರು. ಎರಡು ಮನೆಗಳಿಗೂ ನಾಲ್ಕೇ ಬೀದಿಗಳ ಅಂತರ. ತಪಸ್ಸುಕಾಲದ ಒಂದು ದಿನ ಅವರು ಧರ್ಮಕೇಂದ್ರದ ಗುಂಪಿನಲ್ಲಿ, ಮಡದಿಗೆ ಶಸ್ತ್ರಚಿಕಿತ್ಸೆಯಿದೆ, ಪ್ರಾರ್ಥಿಸಿರಿ ಎಂದು ಬರೆದರು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ನಮ್ಮದೂ ಒಂದು. ತರಕಾರಿ ಅಂಗಡಿಯ ಮುಂದೆ ನಿಂತು ಅವಸರದಲ್ಲಿ ಒತ್ತಿದ್ದು ಅದು. ಅಂದು ರಾತ್ರಿ ಜಪಸರದ ವೇಳೆ ಆ ಸಹೋದರಿ ನಮ್ಮ ನೆನಪಿಗೆ ಬರಲಿಲ್ಲ. ಪಾಸ್ಖ ಹಬ್ಬದಂದು ಚರ್ಚಿನ ಅಂಗಳದಲ್ಲಿ ಮಿತ್ರರು ಎದುರಾದಾಗ ನಾವು ತಡವರಿಸಿದೆವು. “ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇರಬೇಕಾಯಿತು. ನೀವು ಕೈಮುಗಿದಿದ್ದಿರಿ, ನೋಡಿದೆ” ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹಾಗೆಂದು ಯಂತ್ರವನ್ನು ದೂರುವುದು ಅನ್ಯಾಯ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ದೇವಾಲಯಗಳ ಬಾಗಿಲು ಮುಚ್ಚಿದಾಗ ಬಲಿಪೂಜೆಯನ್ನು ಮನೆಯೊಳಗೆ ತಂದುಕೊಟ್ಟದ್ದು ಇದೇ ಫೋನು. ಜಗದ್ಗುರು ಫ್ರಾನ್ಸಿಸ್‌ರವರು 2019ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಇದಕ್ಕೊಂದು ಅಳತೆಗೋಲನ್ನು ಕೊಟ್ಟಿದ್ದರು. ಜಾಲದಿಂದ ಹತ್ತಿರವಾದ ಕುಟುಂಬವು ಬಳಿಕ ಊಟದ ಮೇಜಿನ ಸುತ್ತ ಸೇರಿ ಒಬ್ಬರ ಮುಖವನ್ನೊಬ್ಬರು ನೋಡುವುದಾದರೆ, ಸಮುದಾಯವು ಪರಮಪ್ರಸಾದಕ್ಕಾಗಿ ಒಂದುಗೂಡುವುದಾದರೆ, ಜಾಲವು ಸಂಪತ್ತೇ ಸರಿ ಎಂಬುದು ಅವರ ಅಭಿಪ್ರಾಯ. 2023ರ ಮೇ ತಿಂಗಳಲ್ಲಿ ವ್ಯಾಟಿಕನ್ನಿನ ಸಂಪರ್ಕ ಇಲಾಖೆಯು ಸಾಮಾಜಿಕ ಜಾಲತಾಣಗಳ ಕುರಿತು ಹೊರತಂದ ಚಿಂತನೆಗೆ ದಯಾಳು ಸಮಾರಿಯದವನ ಸಾಮತಿಯೇ ಆಧಾರ. ಆ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡೇ ಮುಂದೆ ಹೋದರಲ್ಲವೇ? ಸುದ್ದಿ ತಲುಪಲಿಲ್ಲವೆಂದು ಅವರೂ ಹೇಳುವಂತಿರಲಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುತಿಸ್ ಕಂಪ್ಯೂಟರ್ ಬಲ್ಲ ಬಾಲಕನೆಂದು ಎಲ್ಲರಿಗೂ ಗೊತ್ತು. ಮಿಲಾನಿನ ಬೀದಿಯಲ್ಲಿ ಮಲಗುವವರ ಗೆಳೆತನ ಮಾಡಿದ್ದನೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಹಬ್ಬದ ಮರುವಾರ ಆ ನಾಲ್ಕು ಬೀದಿಗಳನ್ನು ನಡೆದೇ ಹೋದೆವು. ಮಿತ್ರರು ಮನೆಯಲ್ಲಿರಲಿಲ್ಲ. ಆ ಸಹೋದರಿಯೇ ಗೋಡೆ ಹಿಡಿದುಕೊಂಡು ಮೆಲ್ಲನೆ ಬಂದು ಬಾಗಿಲು ತೆರೆದರು. “ಏನಣ್ಣ, ಒಂದು ಫೋನು ಮಾಡಿ ಬರಬಾರದಿತ್ತೇ? ಏನಾದರೂ ಮಾಡಿಡುತ್ತಿದ್ದೆನಲ್ಲಾ” ಎಂದು ಆಕ್ಷೇಪಿಸುತ್ತಲೇ ಕಾಫಿಗೆ ನೀರಿಟ್ಟರು.