ಗಾದಿಯೊಳಗಿನ ನುಸಿ

ದಾವಣಗೆರೆಯ ಸರಸ್ವತಿ ನಗರದಂಥ ಒಂದು ಬಡಾವಣೆಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಕೋಣೆ, ಮೇಲೆ ಆರ್.ಸಿ.ಸಿ. ಛಾವಣಿ, ಸೊಳ್ಳೆಗೆ ಹೆದರಿ ಸಂಜೆಯೇ ಮುಚ್ಚುವ ಕಿಟಕಿ. ಹುಡುಗ ಬೆಳಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಹತ್ತು ಹನ್ನೆರಡು ಸಲ ಸೀನುತ್ತಾನೆ. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಎಲ್ಲ ಸರಿ. ಮಳೆಗಾಲ ಬಂತೆಂದರೆ ಸೀನಿನ ಜೊತೆಗೆ ರಾತ್ರಿಯ ದಮ್ಮು. ಅಜ್ಜಿ ‘ಥಂಡಿ ಹಿಡಿದೈತಿ’ ಎನ್ನುತ್ತಾಳೆ. ಎದುರು ಮನೆಯವರು ‘ಹಾಸಿಗೆಯಲ್ಲಿ ಕಾಣದ ಹುಳ ಸೇರಿದೆ, ಹೊಲಕ್ಕೆ ಹೊಡೆಯುವ ಔಷಧಿಯನ್ನೇ ಸ್ವಲ್ಪ ಸಿಂಪಡಿಸಿ’ ಎನ್ನುತ್ತಾರೆ.

ಹುಳ ಸೇರಿದೆ ಎಂಬ ಮಾತು ಬಹುಮಟ್ಟಿಗೆ ನಿಜ. ಔಷಧಿಯ ಮಾತನ್ನು ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ. ಏಕೆಂಬುದನ್ನು ಮುಂದೆ ನೋಡೋಣ. ಮೊದಲು ಈ ಹುಳ ಯಾವುದು?

ಇದರ ಹೆಸರು ಧೂಳು ನುಸಿ. ‘ನುಸಿ’ ಎಂಬ ಪದ ನಮ್ಮ ರೈತರಿಗೆ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ತೆಂಗಿನ ತೋಟಗಳಿಗೆ ಬಿದ್ದ ನುಸಿ ಪೀಡೆ ಕಾಯಿಯ ಮೇಲೆ ಕಂದು ಕಲೆ ಬರಿಸಿ, ಕಾಯಿ ಸಣ್ಣದಾಗಿಸಿ, ಎಷ್ಟು ನಷ್ಟ ಮಾಡಿತೆಂಬುದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬೇಕು. ಆ ನುಸಿಯೂ ಈ ನುಸಿಯೂ ದೂರದ ನೆಂಟರು. ದನದ ಮೈಗೆ ಕಚ್ಚುವ ಉಣ್ಣೆಯೂ ಇದೇ ಬಳಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆಯೇ. ಇವು ಯಾವುವೂ ಕೀಟಗಳಲ್ಲ. ಕೀಟಕ್ಕೆ ಆರು ಕಾಲು, ಬೆಳೆದ ನುಸಿಗೆ ಎಂಟು. ಜೇಡ, ಚೇಳುಗಳ ವರ್ಗಕ್ಕೆ ಸೇರಿದ ಜೀವಿಗಳಿವು. ಧೂಳು ನುಸಿಯ ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತಲೂ ತುಸು ಕಡಿಮೆ. ಕಣ್ಣಿಲ್ಲ, ರೆಕ್ಕೆಯಿಲ್ಲ, ಮೈ ಹಾಲಿನ ಹಾಗೆ ಅರೆಪಾರದರ್ಶಕ. ಕಪ್ಪು ಕಾಗದದ ಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಿದರೆ ಚುಕ್ಕೆಯಂತೆ ಕಂಡೀತು. ಬಿಳಿಯ ಹಾಸಿಗೆಯ ಮೇಲೆ ಎಂದಿಗೂ ಕಾಣದು.

ಮನೆಯ ಧೂಳಿನಿಂದ ಉಬ್ಬಸ ಬರುತ್ತದೆ ಎಂಬುದು 1920ರ ದಶಕದಲ್ಲೇ ವೈದ್ಯರಿಗೆ ತಿಳಿದಿತ್ತು. ಆದರೆ ಧೂಳಿನಲ್ಲಿ ಇರುವುದು ಒಂದೇ ವಸ್ತುವೇ? ಬಟ್ಟೆಯ ಎಳೆ, ಕೂದಲು, ಬೂಷ್ಟು, ಮಣ್ಣು, ಜಿರಲೆಯ ಪುಡಿ, ಹೀಗೆ ನೂರೆಂಟು. ಇದರಲ್ಲಿ ಕಳ್ಳ ಯಾರು? ನಾಲ್ಕು ದಶಕ ಉತ್ತರ ಸಿಗಲಿಲ್ಲ. ನೆದರ್ಲೆಂಡಿನ ಲೈಡನ್ ನಗರದಲ್ಲಿ ವೂರ್‌ಹೊರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಅವರ ತಂಡ ಒಂದು ಸಂಗತಿಯನ್ನು ಗಮನಿಸಿತು: ಒಣ ಮನೆಯ ಧೂಳಿಗಿಂತ ತೇವದ ಮನೆಯ ಧೂಳು ಹೆಚ್ಚು ತೊಂದರೆ ಕೊಡುತ್ತದೆ. ತೇವವಿದ್ದಲ್ಲಿ ಬೆಳೆಯುವ ಜೀವಿಯೊಂದು ಇರಲೇಬೇಕೆಂದು ಹುಡುಕಿದಾಗ 1964ರಲ್ಲಿ ಈ ನುಸಿ ಸಿಕ್ಕಿಬಿತ್ತು. ಜೀವಿಯೇನೂ ಹೊಸದಲ್ಲ. ಫ್ರಾನ್ಸಿನ ಟ್ರೂಯೆಸಾರ್ 1897ರಲ್ಲೇ ಅದನ್ನು ವರ್ಣಿಸಿದ್ದರು. ಅದರ ಕುಲನಾಮ ಡರ್ಮಟೊಫಗಾಯ್ಡಿಸ್. ಗ್ರೀಕಿನಲ್ಲಿ ಚರ್ಮ ತಿನ್ನುವುದು ಎಂಬ ಅರ್ಥ ಅದರಲ್ಲಿದೆ. ನಮ್ಮಲ್ಲೂ 1970ರ ದಶಕದಲ್ಲಿಯೇ ಬೆಂಗಳೂರಿನ ಸಂಶೋಧಕರು ಮನೆಗಳ ಧೂಳಿನಲ್ಲಿ ಇದನ್ನು ಗುರುತಿಸಿದ್ದರು. ಅಂದಹಾಗೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ನುಸಿಗಳ ಅಧ್ಯಯನಕ್ಕೆ ದೇಶದಲ್ಲಿ ಹೆಸರಾದ ಕೇಂದ್ರ. ಜಗತ್ತಿನ ನುಸಿ ತಜ್ಞರ ಏಳನೆಯ ಸಮ್ಮೇಳನ ನಡೆದದ್ದು 1986ರಲ್ಲಿ, ಬೆಂಗಳೂರಿನಲ್ಲಿ.

ಚರ್ಮ ತಿನ್ನುವುದು ಎಂದೊಡನೆ ಗಾಬರಿಯಾಗಬೇಡಿ. ಧೂಳು ನುಸಿ ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ನಮ್ಮ ಮೈಯಿಂದ ತಾನಾಗಿ ಉದುರುವ ಚರ್ಮದ ಹೊಟ್ಟೇ ಅದರ ಅನ್ನ. ಒಬ್ಬ ಮನುಷ್ಯನ ಮೈಯಿಂದ ದಿನಕ್ಕೆ ಅರ್ಧದಿಂದ ಒಂದೂವರೆ ಗ್ರಾಂ ಹೊಟ್ಟು ಉದುರುತ್ತದೆ. ಅದು ಹೆಚ್ಚು ಸೇರುವುದು ಗಾದಿ, ದಿಂಬು, ಕೌದಿಗಳಲ್ಲಿ. ತೊಂದರೆ ನುಸಿಯಿಂದ ಅಲ್ಲ, ಅದರ ಹಿಕ್ಕೆಯಿಂದ. ನುಸಿಯೊಂದು ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಒಂದೊಂದೂ ಹೂವಿನ ಪರಾಗದ ಕಣದಷ್ಟು ದೊಡ್ಡದು. ಅದರಲ್ಲಿ ನುಸಿಯ ಹೊಟ್ಟೆಯ ಜೀರ್ಣರಸದ ಕಿಣ್ವಗಳು ಉಳಿದಿರುತ್ತವೆ. ಉಸಿರಿನ ಜೊತೆ ಒಳಗೆ ಹೋದ ಕಿಣ್ವ ಶ್ವಾಸನಾಳದ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲಿಸುತ್ತದೆ. ಅಲರ್ಜಿಯ ಪ್ರವೃತ್ತಿ ಇರುವವರ ದೇಹ ಇದನ್ನು ಶತ್ರುವೆಂದು ಬಗೆದು ಯುದ್ಧಕ್ಕೆ ನಿಲ್ಲುತ್ತದೆ. ಸೀನು, ಕೆಮ್ಮು, ಉಬ್ಬಸಗಳು ಆ ಯುದ್ಧದ ಸದ್ದು. ಅದೇ ಗಾದಿಯಲ್ಲಿ ಮಲಗಿದ ಅಣ್ಣನಿಗೆ ಏನೂ ಆಗದೆ ತಮ್ಮನಿಗೆ ಮಾತ್ರ ಆಗುವುದು ಇದಕ್ಕಾಗಿಯೇ. ನುಸಿ ಇರುವುದು ಕೊಳಕು ಮನೆಯ ಲಕ್ಷಣವೂ ಅಲ್ಲ. ಮನುಷ್ಯ ಮಲಗುವ ಕಡೆಯಲ್ಲೆಲ್ಲ ಅದು ಇರುತ್ತದೆ.

ಈ ಕಣಗಳು ಭಾರವಾದವು. ಹಾಸಿಗೆ ಕೊಡವಿದಾಗ ಏಳುತ್ತವೆ, ಅರ್ಧ ಗಂಟೆಯೊಳಗೆ ಮತ್ತೆ ಕೆಳಗೆ ಕೂರುತ್ತವೆ. ಆದ್ದರಿಂದ ಸಾವಿರಾರು ರೂಪಾಯಿಯ ಗಾಳಿ ಶುದ್ಧೀಕರಣ ಯಂತ್ರದಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಮೂಗು ದಿಂಬಿಗೆ ತಾಗಿಕೊಂಡಿರುವಾಗ ಯಂತ್ರ ಮೂಲೆಯಲ್ಲಿ ನಿಂತು ಏನು ಮಾಡೀತು?

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಧೂಳು ನುಸಿ ನೀರು ಕುಡಿಯುವುದಿಲ್ಲ. ಗಾದಿಯೊಳಗೆ ನೀರೆಲ್ಲಿದೆ? ಹಾಗಾದರೆ ಅದು ಬದುಕುವುದು ಹೇಗೆ? ಮಳೆಗಾಲದಲ್ಲಿ ನಿಮ್ಮ ಅಡಿಗೆಮನೆಯ ಉಪ್ಪಿನ ಜಾಡಿಯನ್ನು ನೋಡಿ. ಯಾರೂ ನೀರು ಹಾಕದಿದ್ದರೂ ಉಪ್ಪು ಒದ್ದೆಯಾಗಿರುತ್ತದೆ. ಗಾಳಿಯ ತೇವವನ್ನು ಉಪ್ಪು ಹೀರಿಕೊಂಡಿದೆ. ನುಸಿ ಮಾಡುವುದೂ ಇದನ್ನೇ. ಅದರ ಮುಂಗಾಲಿನ ಬುಡದಲ್ಲಿರುವ ಗ್ರಂಥಿಗಳು ಸೋಡಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣವನ್ನು ಸ್ರವಿಸುತ್ತವೆ. ಅದು ಗಾಳಿಯಿಂದ ತೇವ ಎಳೆದುಕೊಂಡು ಬಾಯಿಯ ಕಡೆಗೆ ಹರಿಯುತ್ತದೆ. ಗಾಳಿ ಒಣಗಿದರೆ ಆ ದ್ರಾವಣ ಹರಳುಗಟ್ಟಿ ಗ್ರಂಥಿಯ ಬಾಯಿ ಮುಚ್ಚಿಕೊಳ್ಳುತ್ತದೆ, ನುಸಿಗೆ ನೀರು ನಿಂತುಹೋಗುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡ 50ಕ್ಕಿಂತ ಕೆಳಗೆ ಬಿದ್ದು ಅಲ್ಲೇ ಉಳಿದರೆ ಬೆಳೆದ ನುಸಿಗಳು ಕೆಲವು ದಿನಗಳಲ್ಲಿ ಒಣಗಿ ಸಾಯುತ್ತವೆ. 75ರ ಆಸುಪಾಸಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಖವಾಗಿ ಸಂಸಾರ ಮಾಡುತ್ತವೆ. ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಸುಮಾರು ಒಂದು ತಿಂಗಳು ಸಾಕು. ಆದರೆ ಕೆಲವು ಜಾತಿಗಳ ಮರಿಗಳು ಬರಗಾಲದಲ್ಲಿ ಅಲುಗಾಡದೆ ತಿಂಗಳುಗಟ್ಟಲೆ ಮಲಗಿದ್ದು, ತೇವ ಬಂದಾಗ ಏಳುತ್ತವೆ. ಬೇಸಿಗೆಯಲ್ಲಿ ಮಾಯವಾದದ್ದು ಮಳೆಗಾಲದಲ್ಲಿ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನು ದಾವಣಗೆರೆಗೆ ಬನ್ನಿ. ಇದು ಮಲೆನಾಡಲ್ಲ. ಏಪ್ರಿಲ್ ಮಧ್ಯಾಹ್ನದ ಗಾಳಿ ಇಲ್ಲಿ ಒಣ ಗಾಳಿ, ಅಂದರೆ ನುಸಿಯ ಶತ್ರು. ಆದರೆ ಬೇಸಿಗೆಯಲ್ಲಿ ನಾವು ಮಾಡುವುದೇನು? ಕಿಟಕಿ ಮುಚ್ಚಿ ನೀರಿನ ಕೂಲರ್ ಹಾಕುತ್ತೇವೆ. ಕೂಲರ್ ತಂಪು ಮಾಡುವುದೇ ನೀರನ್ನು ಆವಿಯಾಗಿಸಿ. ಆ ಆವಿಯೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಕೂಲರ್ ಬೇಕಿದ್ದರೆ ಎದುರಿನ ಕಿಟಕಿಯನ್ನು ತೆರೆದಿಡಿ, ತಂಪೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ಬೆಳಗ್ಗೆ ಎದ್ದ ತಕ್ಷಣ, ಮೈಯ ಬೆವರು ಆರುವ ಮೊದಲೇ, ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸುತ್ತೇವೆ. ನೋಡಲು ಅಚ್ಚುಕಟ್ಟು, ನುಸಿಗೆ ಅರಮನೆ. ಒಂದೆರಡು ಗಂಟೆ ಹಾಸಿಗೆ ಬಿಚ್ಚಿಟ್ಟು, ಫ್ಯಾನ್ ಹಾಕಿ, ಕಿಟಕಿ ತೆರೆದು ಆಮೇಲೆ ಸುತ್ತಿ.

ನಿಮ್ಮ ಕೋಣೆಯ ತೇವ ಎಷ್ಟೆಂದು ಅಳೆಯುವುದು ಕಷ್ಟವಲ್ಲ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಿಂದ ಎರಡು ಉಷ್ಣಮಾಪಕ ಕೇಳಿ ತನ್ನಿ. ಒಂದರ ಬುರುಡೆಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿ ಬೀಸಿ. ಒಣ ಮಾಪಕ 30 ಡಿಗ್ರಿ, ಒದ್ದೆಯದು 25 ತೋರಿಸಿದರೆ ಆರ್ದ್ರತೆ ಸುಮಾರು ಶೇಕಡ 67, ನುಸಿಗೆ ಅನುಕೂಲ. ಒದ್ದೆಯದು 22ಕ್ಕೆ ಇಳಿದರೆ ಸುಮಾರು 50. ಜೂನ್‌ನಿಂದ ಡಿಸೆಂಬರ್‌ವರೆಗೆ ವಾರಕ್ಕೊಮ್ಮೆ ಅಳೆದು, ಪಕ್ಕದಲ್ಲಿ ಮನೆಯವರ ಸೀನು, ಉಬ್ಬಸದ ದಿನಗಳನ್ನು ಗುರುತು ಹಾಕಿದರೆ ವಿಜ್ಞಾನ ಮೇಳಕ್ಕೆ ಒಳ್ಳೆಯ ಪ್ರಾಜೆಕ್ಟ್ ಆದೀತು.

ನುಸಿ ಸಾಯಲು 60 ಡಿಗ್ರಿಯ ಬಿಸಿನೀರು ಬೇಕು. ತಣ್ಣೀರಿನ ಒಗೆತದಲ್ಲಿ ಹಿಕ್ಕೆ ಬಹುಪಾಲು ತೊಳೆದುಹೋಗುತ್ತದೆ, ನುಸಿ ಉಳಿಯುತ್ತದೆ. ಹಿಂದೆ ಮಡಿವಾಳರು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರಲ್ಲ, ಆ ಆವಿಯಲ್ಲಿ ಯಾವ ನುಸಿಯೂ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಉಷ್ಣಮಾಪಕ ಇಲ್ಲದಿದ್ದರೆ ಲೆಕ್ಕ ಹಾಕಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಒಂದು ಕೊಡ ಕುದಿನೀರಿಗೆ ಒಂದು ಕೊಡ ನಲ್ಲಿ ನೀರು ಬೆರೆಸಿದರೆ 62ರ ಹತ್ತಿರ ಬರುತ್ತದೆ. ಬಕೆಟ್ಟು, ಬಟ್ಟೆ ಸ್ವಲ್ಪ ಶಾಖ ತಿನ್ನುತ್ತವೆ, ಆದ್ದರಿಂದ ತಣ್ಣೀರನ್ನು ಕೊಂಚ ಕಡಿಮೆ ಹಾಕಿ. ದಿಂಬಿನ ಚೀಲ, ಹೊದಿಕೆ, ಹಾಸುವ ಚಾದರ ವಾರಕ್ಕೊಮ್ಮೆ ಇದರಲ್ಲಿ ಅರ್ಧ ಗಂಟೆ ನೆನೆಯಲಿ. ನೀರಿಗೆ ಕೈ ಹಾಕಬೇಡಿ, ಸುಡುತ್ತದೆ; ಕೋಲಿನಿಂದ ತಿರುವಿ.

ಹತ್ತಿಯ ಗಾದಿಯನ್ನು ಒಗೆಯಲಾಗದು. ಅದಕ್ಕೆ ಬಿಸಿಲು. ಜಮಖಾನೆಗಳನ್ನು ನೇರ ಬಿಸಿಲಿಗೆ ಹಾಕಿದರೆ ಅದರಲ್ಲಿನ ನುಸಿಗಳು ಸಾಯುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1994ರಲ್ಲಿ ತೋರಿಸಿದ್ದಾರೆ. ನಮ್ಮ ಅಜ್ಜಿಯರಿಗೆ ಇದು ಹೇಗೋ ಗೊತ್ತಿತ್ತು. ದಪ್ಪ ಗಾದಿಯಲ್ಲಿ ನುಸಿ ತಂಪಾದ ಒಳಭಾಗಕ್ಕೆ ಸರಿಯುತ್ತದೆ, ಆದ್ದರಿಂದ ಮಾಳಿಗೆಯ ಮೇಲೆ ಎರಡೂ ಮಗ್ಗುಲು ಮಗುಚಿ ಇಡೀ ದಿನ ಒಣಗಿಸಿ. ಸತ್ತ ನುಸಿಯ ಹಿಕ್ಕೆ ಬಿಸಿಲಿಗೆ ಕರಗದು. ಸಂಜೆ ಗಾದಿಯನ್ನು ಚೆನ್ನಾಗಿ ಬಡಿಯಬೇಕು. ಉಬ್ಬಸ ಇರುವವರು ಆಗ ಹತ್ತಿರ ಸುಳಿಯಬಾರದು. ಹತ್ತಾರು ವರ್ಷದ ಹತ್ತಿಯನ್ನು ಹಿಂಜಿಸಿ ಹೊಸ ಬಟ್ಟೆ ಹಾಕಿಸುವಾಗಲೂ ಇದೇ ಎಚ್ಚರ. ಹಿಂಜುವವರಂತೂ ಮೂಗು ಬಾಯಿ ಕಟ್ಟಿಕೊಳ್ಳಲೇಬೇಕು.

ಒತ್ತಾಗಿ ನೇಯ್ದ ನುಸಿ ತಡೆ ಹೊದಿಕೆಗಳು ಸಿಗುತ್ತವೆ. ಅವುಗಳ ಬಗ್ಗೆ ಜಾಹೀರಾತು ಹೇಳುವುದೆಲ್ಲ ನಿಜವಲ್ಲ. ವಯಸ್ಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಬರೀ ಹೊದಿಕೆಯಿಂದ ಲಾಭ ಕಾಣಲಿಲ್ಲ. ಇಂಗ್ಲೆಂಡಿನ ಮಕ್ಕಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರ ಒಂದು ವರ್ಷದೊಳಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಹೋಗಬೇಕಾದ ಮಕ್ಕಳು ನೂರಕ್ಕೆ 42ರಿಂದ 29ಕ್ಕೆ ಇಳಿದರು. ದುಡ್ಡಿದ್ದರೆ ಮಗುವಿನ ಹಾಸಿಗೆಗೆ ಹಾಕಿಸಿ. ಹಳೆಯ ದಿಂಬಿನ ತೂಕದಲ್ಲಿ ಹತ್ತನೇ ಒಂದು ಪಾಲು ನುಸಿಯದು ಎಂಬ ಮಾತಿಗೆ ಮಾತ್ರ ಆಧಾರವಿಲ್ಲ, ಅದನ್ನು ನಂಬಿ ದಿಂಬು ಎಸೆಯಬೇಡಿ.

ಈಗ ಔಷಧಿಯ ವಿಚಾರ. ಬೆಳೆಗೆ ಹೊಡೆಯುವ ವಿಷವನ್ನು ಹಾಸಿಗೆಗೆ ಹೊಡೆದರೆ ರಾತ್ರಿಯಿಡೀ ಅದು ಚರ್ಮದ ಮೂಲಕ, ಉಸಿರಿನ ಮೂಲಕ ಒಳಗೆ ಇಳಿಯುತ್ತದೆ. ಹೊಲದಲ್ಲಿ ಗಾಳಿ, ಮಳೆ, ಬಿಸಿಲು ಆ ವಿಷವನ್ನು ಕಡಿಮೆ ಮಾಡುತ್ತವೆ. ಮುಚ್ಚಿದ ಕೋಣೆಯಲ್ಲಿ ಅದು ಉಳಿಯುತ್ತದೆ. ಇದಕ್ಕಿಂತ ಭೀಕರವಾದದ್ದು ಅಕ್ಕಿ ಗಿರಣಿ, ಗೋದಾಮುಗಳಲ್ಲಿ ಕಾಳಿಗೆ ಹಾಕುವ ಗುಳಿಗೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ, ಮಲಗಿದವರು ಏಳದೇ ಹೋಗಬಹುದು. ಇದಕ್ಕೆ ಪ್ರತಿವಿಷವಿಲ್ಲ. ತಗಣೆಗೆಂದೋ ನುಸಿಗೆಂದೋ ಯಾರಾದರೂ ಇದನ್ನು ಮನೆಯಲ್ಲಿ ಇಡಲು ಹೇಳಿದರೆ ಖಂಡಿತ ಒಪ್ಪಬೇಡಿ. ಸೊಳ್ಳೆಬತ್ತಿ, ಲೋಬಾನದ ಹೊಗೆಗೂ ಗಾದಿಯೊಳಗಿನ ನುಸಿ ಸಾಯುವುದಿಲ್ಲ, ಉಬ್ಬಸದವರ ದಮ್ಮು ಮಾತ್ರ ಹೆಚ್ಚುತ್ತದೆ.

ಮನೆ ಶುಚಿ ಮಾಡಿದ ಮಾತ್ರಕ್ಕೆ ವೈದ್ಯರ ಔಷಧಿ ಬಿಡುವಂತಿಲ್ಲ. ಧೂಳು ನುಸಿಯ ಅಲರ್ಜಿಯೇ ಹೌದೇ ಎಂದು ಚರ್ಮಕ್ಕೆ ಚುಚ್ಚಿ ನೋಡುವ ಸರಳ ಪರೀಕ್ಷೆ ಇದೆ. ಇನ್ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದು ಚಟವಾಗುವುದಿಲ್ಲ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಗುಳಿಗೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಮಾತಾಡಲು ಆಗದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೈಮೇಲೆ ಕಚ್ಚಿದ ಗುರುತುಗಳಿದ್ದರೆ ಧೂಳು ನುಸಿಯನ್ನು ಬೈಯಬೇಡಿ. ಕಿಟಕಿಯ ಸಜ್ಜಾದ ಮೇಲೆ ಪಾರಿವಾಳದ ಗೂಡಿದೆಯೇ ನೋಡಿ. ಮರಿಗಳು ಹಾರಿಹೋದ ಮೇಲೆ ಗೂಡಿನಲ್ಲಿದ್ದ ಹಕ್ಕಿ ನುಸಿಗಳು ಹಸಿದು ಕೋಣೆಗೆ ಇಳಿದು ಮನುಷ್ಯರನ್ನು ಕಚ್ಚುತ್ತವೆ. ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಖಾಲಿ ಗೂಡನ್ನು ತೆಗೆದು ಚೀಲದಲ್ಲಿ ಕಟ್ಟಿ ಎಸೆದು, ಜಾಗವನ್ನು ಸೋಪಿನ ನೀರಿನಿಂದ ತೊಳೆದರೆ ಹಾವಳಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ಹೊತ್ತು ಹೆಚ್ಚು ತುರಿಸಿದರೆ ಅದು ಕಜ್ಜಿ. ಚರ್ಮದೊಳಗೆ ಸುರಂಗ ಕೊರೆಯುವ ಬೇರೆಯೇ ನುಸಿಯ ಕೆಲಸ. ಹಾಸ್ಟೆಲ್ಲುಗಳಲ್ಲಿ ಇದು ಬೇಗ ಹರಡುತ್ತದೆ. ನಾಚಿಕೆಯಿಂದ ಮುಚ್ಚಿಟ್ಟವನಿಂದ ಇಡೀ ಕೋಣೆಗೆ ಬರುತ್ತದೆ. ವೈದ್ಯರು ಕೊಡುವ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಕೋಣೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ವಾರದ ನಂತರ ಇನ್ನೊಮ್ಮೆ. ಒಗೆಯಲಾಗದ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಸಾಕು, ಮನುಷ್ಯನ ಮೈ ಸಿಗದೆ ಆ ನುಸಿ ಅಷ್ಟರಲ್ಲಿ ಸಾಯುತ್ತದೆ.